ಗೇಣು ದೂರದ ಹೂವು

ಬೆಳಗಿನ ಏಳು ಗಂಟೆಗೆ ನಮ್ಮ ಬೀದಿಯಲ್ಲಿ ಗಾಳಿಯಿದೆ ಎಂದರೆ ಯಾರೂ ನಂಬುವುದಿಲ್ಲ. ತಂತಿಯ ಮೇಲಿನ ಬಟ್ಟೆ ಅಲುಗುವುದಿಲ್ಲ, ತೆಂಗಿನ ಗರಿ ಮಿಸುಕುವುದಿಲ್ಲ, ಎದುರು ಮನೆಯ ಊದುಬತ್ತಿಯ ಹೊಗೆ ಕಿಟಕಿಯಾಚೆ ನೆಟ್ಟಗೆ ಮೇಲೇರುತ್ತದೆ. ಅದೇ ಹೊತ್ತಿಗೆ ಪಕ್ಕದ ಖಾಲಿ ಸೈಟಿಗೆ ಹೋಗಿ, ಮಂಡಿಯೂರಿ, ಒಂದು ತುಂಬೆ ಗಿಡದ ಮುಂದೆ ಮೊಬೈಲ್ ಹಿಡಿದು ನೋಡಿ. ಹೂವು ಪರದೆಯ ಬಲಕ್ಕೆ ಸರಿಯುತ್ತದೆ, ಎಡಕ್ಕೆ ಬರುತ್ತದೆ, ಇನ್ನೇನು ಸಿಕ್ಕಿತು ಅನ್ನುವಾಗ ಕೆಳಗಿಳಿದು ಕಾಣೆಯಾಗುತ್ತದೆ. ಮೈಗೆ ತಾಕದ, ಎಲೆ ಅಲುಗಿಸದ ಒಂದು ಗಾಳಿ ನೆಲಕ್ಕೆ ಹತ್ತಿಕೊಂಡೇ ಸದಾ ಓಡಾಡುತ್ತಿರುತ್ತದೆ ಎಂಬುದು ನನಗೆ ತಿಳಿದದ್ದು ಹೂವಿನ ಫೋಟೊ ತೆಗೆಯತೊಡಗಿದ ಮೇಲೆ.

ಹತ್ತಿರ ಹೋದಷ್ಟೂ ಹೂವು ದೊಡ್ಡದಾಗುತ್ತದೆ, ಜೊತೆಗೇ ಅದರ ಅಲುಗಾಟವೂ. ನಿಂತು ನೋಡಿದಾಗ ಕೂದಲೆಳೆಯಷ್ಟಿದ್ದ ಓಲಾಟ ಗೇಣು ದೂರದಿಂದ ನೋಡುವಾಗ ಚೌಕಟ್ಟನ್ನೇ ದಾಟಿಹೋಗುತ್ತದೆ. ಎಡಗೈ ಬೆರಳುಗಳಿಂದ ಕಾಂಡವನ್ನು ಬುಡದಲ್ಲಿ ಮೆಲ್ಲಗೆ ಆಸರೆಗೊಟ್ಟು ಹಿಡಿಯಬಹುದು. ಪಕ್ಕದಲ್ಲೊಂದು ಕಡ್ಡಿ ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಕಾಂಡವನ್ನು ಅದಕ್ಕೆ ಸೇರಿಸಬಹುದು. ಗಾಳಿ ಬರುವ ಕಡೆಗೆ ಕೊಡೆ ಬಿಚ್ಚಿಡಬಹುದು. ಇವೆಲ್ಲವನ್ನೂ ನಾನು ಮಾಡುತ್ತೇನೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಸುಮ್ಮನೆ ಕಾಯುವುದು. ಗಾಳಿ ಎಡೆಬಿಡದೆ ಬೀಸುವುದಿಲ್ಲ, ಬಿಟ್ಟುಬಿಟ್ಟು ಬರುತ್ತದೆ. ನಡುವೆ ಸಿಗುವ ಆ ಒಂದೆರಡು ಕ್ಷಣಕ್ಕಾಗಿ ಕೂತಿರುವಾಗ ತುಂಬೆಯನ್ನು ನೋಡದೆ ಬೇರೆ ದಾರಿಯೇ ಇರುವುದಿಲ್ಲ. ಅದರ ಕೆಳಗಿನ ತುಟಿ ಅಗಲವಾಗಿ ಚಾಚಿಕೊಂಡಿದೆ. ದುಂಬಿ ಬಂದು ಕೂರುವುದು ಅದರ ಮೇಲೆ. ಮೇಲಿನ ತುಟಿ ಚಿಕ್ಕದು, ಬಾಗಿದ್ದು, ಅದರ ಮೇಲೆಲ್ಲ ಬಿಳಿಯ ಮೃದುವಾದ ರೋಮ. ಶಿವರಾತ್ರಿಗೆ ಬೊಗಸೆಗಟ್ಟಲೆ ಬಿಡಿಸಿ ಲಿಂಗದ ಮೇಲೆ ಸುರಿದ ಹೂವಿದು. ಆ ರೋಮವನ್ನು ಒಂದು ಸಲವೂ ನೋಡಿರಲಿಲ್ಲ.

ಹಾಗೆ ಕೂತಿದ್ದಾಗಲೇ ಎದುರು ಮನೆಯ ಅಜ್ಜಿ ಬಿದಿರಿನ ಹೂಬುಟ್ಟಿ ಹಿಡಿದು ಗೇಟಿನ ಹೊರಗೆ ಬಂದದ್ದು.

"ಏನಪ್ಪಾ, ಏನು ಬೀಳಿಸ್ಕೊಂಡೆ? ನಾನೂ ಹುಡುಕ್ಲಾ?"

"ಏನೂ ಇಲ್ಲ ಅಜ್ಜಿ, ತುಂಬೆ ಹೂವಿನ ಫೋಟೊ ತೆಗೀತಿದೀನಿ."

"ತುಂಬೇದಾ?" ಅಜ್ಜಿ ಸ್ವಲ್ಪ ಹೊತ್ತು ನಿಂತು ನೋಡಿದರು. "ದಾಸವಾಳ ಅಷ್ಟು ಚೆನ್ನಾಗಿ ಬಿಟ್ಟಿದೆ, ಅದನ್ನ ತೆಗೀಬಾರ್ದಾ? ಆದ್ರೆ ಬೇಗ ಬಾ, ಏಳೂವರೆಗೆ ನಾನು ಬಿಡಿಸ್ಬೇಕು."

ಪೂಜೆಗೆ ಹೂ ಬಿಡಿಸುವವರಿಗೂ ಫೋಟೊ ತೆಗೆಯುವವರಿಗೂ ಬೇಕಾದ ಹೊತ್ತು ಒಂದೇ. ಇಬ್ಬನಿ ಆರಿರಬಾರದು, ಬಿಸಿಲು ಏರಿರಬಾರದು, ಎಸಳು ಬಾಡಿರಬಾರದು. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ನಡೆದುಬಂದಿದೆ: ಏಳೂವರೆಯವರೆಗೆ ದಾಸವಾಳ ನನ್ನದು, ಆಮೇಲೆ ದೇವರದು.

ದಾಸವಾಳದಿಂದ ಕಲಿತದ್ದು ಬಹಳ. ಆ ಹೂವಿನ ನಡುವಿನಿಂದ ಒಂದು ಉದ್ದನೆಯ ಕಂಬ ಹೊರಟು, ಅದರ ಸುತ್ತ ಹಳದಿ ಪರಾಗದ ಪುಟ್ಟ ಗುಂಡುಗಳು, ತುತ್ತತುದಿಯಲ್ಲಿ ಐದು ಕೆಂಪು ಶಲಾಕಾಗ್ರಗಳು ನಿಂತಿರುತ್ತವೆ. ಎದುರಿನಿಂದ ಹತ್ತಿರ ಹೋದರೆ ಆ ಐದು ಬಿಂದುಗಳು ಸ್ಪಷ್ಟವಾಗುತ್ತವೆ, ಹಿಂದಿನ ಎಸಳೆಲ್ಲ ಬರೀ ಕೆಂಪಾಗಿ ಕರಗಿಬಿಡುತ್ತದೆ. ಎಸಳಿನ ನರಗಳನ್ನು ಹಿಡಿದರೆ ತುದಿಯ ಐದೂ ಮಸುಕು. ಹೂವು ಸೆನ್ಸರಿನ ಮೇಲೆ ತನ್ನ ನಿಜದ ಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದಾಗ ದೊಡ್ಡ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಸಿಗುವ ಆಳ ಒಂದೆರಡು ಮಿಲಿಮೀಟರ್ ಅಷ್ಟೆ. ದ್ಯುತಿರಂಧ್ರವನ್ನು ಎಫ್ 8, ಎಫ್ 11ಕ್ಕೆ ಕಿರಿದುಗೊಳಿಸಿದರೆ ಆಳ ತುಸು ಹೆಚ್ಚುತ್ತದೆ. ಇನ್ನೂ ಕಿರಿದು ಮಾಡುತ್ತ ಹೋದರೆ ಬೆಳಕು ಆ ಸಣ್ಣ ತೂತಿನ ಅಂಚಿನಲ್ಲಿ ಬಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಈ ಒಂದು ವಿಷಯದಲ್ಲಿ ಮೊಬೈಲ್ ಫೋನೇ ಮೇಲು. ಅದರ ಸೆನ್ಸರ್ ಚಿಕ್ಕದಾದ್ದರಿಂದ ಅದೇ ಹೂವನ್ನು ಅಷ್ಟೇ ತುಂಬಿಕೊಂಡಾಗಲೂ ಹೆಚ್ಚು ಆಳ ಸ್ಪಷ್ಟವಾಗಿ ಉಳಿಯುತ್ತದೆ. ಕ್ಯಾಮೆರಾ ಕೊಂಡ ಮೇಲೆ ಶುರುಮಾಡುತ್ತೇನೆ ಎಂದು ದಿನ ಮುಂದೂಡುತ್ತಿರುವ ಗೆಳೆಯರಿಗೆಲ್ಲ ಇದನ್ನೇ ಹೇಳುತ್ತೇನೆ: ಜೇಬಿನಲ್ಲಿರುವುದನ್ನು ತೆಗೆಯಿರಿ, ಇವತ್ತೇ ಕೂರಿ.

ಕೆಂಪು ಬಣ್ಣದ ತೊಂದರೆ ಮಾತ್ರ ಬೇರೆ. ದಾಸವಾಳದ ಕೆಂಪನ್ನು ಕ್ಯಾಮೆರಾ ತಾನಾಗಿಯೇ ಅಳೆಯಲು ಬಿಟ್ಟರೆ ಅದು ಉಕ್ಕಿ ಹರಿದು, ಎಸಳಿನ ಗೆರೆ ಮಡಿಕೆಗಳೆಲ್ಲ ಮುಚ್ಚಿಹೋಗಿ, ಬಣ್ಣ ಬಳಿದ ತಗಡು ಕಾಣುತ್ತದೆ. ಪರದೆಯ ಮೇಲೆ ಹೂವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಬೆಳಕು ತಗ್ಗುತ್ತದೆ. ತಗ್ಗುತ್ತ ತಗ್ಗುತ್ತ ಒಂದು ಹಂತದಲ್ಲಿ ಎಸಳಿನ ನರಗಳು ಒಂದೊಂದಾಗಿ ಹೊರಗೆ ಬರುತ್ತವೆ. ಬಿಳಿ ಹೂವಿಗೂ ಇದೇ ಉಪಾಯ. ನಂದಿಬಟ್ಟಲಿನ ಬಿಳಿಯಲ್ಲಿ ಎಷ್ಟೊಂದು ಬಗೆಯ ನೆರಳುಗಳಿವೆ ಎಂದು ನೋಡಬೇಕಾದರೆ ಬೆಳಕನ್ನು ಕಡಿಮೆ ಮಾಡಲೇಬೇಕು.

ನಮ್ಮ ಮನೆಯಲ್ಲಿ ಹಿಂದೆಯೂ ಒಂದು ಕ್ಯಾಮೆರಾ ಇತ್ತು. ಅಪ್ಪ ಅದನ್ನು ಬೀರುವಿನ ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕ ಇಡುತ್ತಿದ್ದರು. 36 ಚಿತ್ರಗಳ ಒಂದು ರೋಲು ಯುಗಾದಿಗೆ ಹಾಕಿದರೆ ದಸರೆಗೆ ಮುಗಿಯುತ್ತಿತ್ತು. ಅದು ಒಂದು ಮೀಟರಿಗಿಂತ ಹತ್ತಿರದ ಯಾವುದನ್ನೂ ಹಿಡಿಯುತ್ತಿರಲಿಲ್ಲ, ಹಿಡಿಯಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ತೆಗೆದ ಚಿತ್ರಗಳು ಆಲ್ಬಮ್ಮಿನಲ್ಲಿವೆ. ಡೇರೆ ಹೂವಿನ ಕುಂಡಗಳ ಮುಂದೆ ಅಕ್ಕ ಲಂಗ ದಾವಣಿ ಉಟ್ಟು ನಿಂತಿದ್ದಾಳೆ, ಅತ್ತೆ ಮಾವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಹಿಂದಿನ ಹೂವುಗಳು ಬರೀ ಬಣ್ಣದ ಚುಕ್ಕೆಗಳು. ಆ ಚಿತ್ರಗಳನ್ನು ನಾನು ಪ್ರೀತಿಸುತ್ತೇನೆ. ಆದರೂ ಈಗ ಆಲ್ಬಮ್ ತೆಗೆದಾಗಲೆಲ್ಲ ಕಣ್ಣು ಅಕ್ಕನ ಹೆಗಲಾಚೆಗೆ ಹೋಗಿ ಆ ಡೇರೆಗಳನ್ನು ಹುಡುಕುತ್ತದೆ.

ಫೋನಿಗೂ ಅದರದೇ ಗಡಿಯಿದೆ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ 8–10 ಸೆಂಟಿಮೀಟರಿಗಿಂತ ಹತ್ತಿರ ಬಂದದ್ದನ್ನು ಸ್ಪಷ್ಟವಾಗಿ ಹಿಡಿಯಲಾರದು. ದೊಡ್ಡ ಸೆನ್ಸರಿನ ಹೊಸ ಫೋನುಗಳಿಗೆ ಇನ್ನೂ ಹೆಚ್ಚು ದೂರ ಬೇಕು. ಹತ್ತಿರ ಹೋಗಿ ಮಸುಕಾದ ಚಿತ್ರ ತರುವುದಕ್ಕಿಂತ ಗೇಣು ದೂರದಲ್ಲೇ ನಿಂತು ಎರಡು ಪಟ್ಟು ಜೂಮ್ ಮಾಡುವುದು ಒಳ್ಳೆಯದು. ದಾಸವಾಳಕ್ಕೆ, ಗುಲಾಬಿಗೆ, ಸೇವಂತಿಗೆಗೆ ಇದು ಸಾಕು. ತುಂಬೆಗೆ ಸಾಲದು. ಖಾಲಿ ಸೈಟಿನ ನೆಲಕ್ಕೆ ಅಂಟಿಕೊಂಡು ಬೆಳೆಯುವ ವಿಷ್ಣುಕ್ರಾಂತಿಗಂತೂ ಏನೇನೂ ಸಾಲದು. ಆ ನೀಲಿ ಹೂವು ಒಂದು ಸೆಂಟಿಮೀಟರ್ ಕೂಡ ಅಗಲವಿಲ್ಲ, ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ.

ಇದಕ್ಕೊಂದು ಗಾಜು ಬೇಕಿತ್ತು. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನನಗೆ ಅದಕ್ಕಿಂತ ಮೊದಲೇ ದೇವರಾಜ ಮಾರುಕಟ್ಟೆಯ ಬಳಿಯ ಒಂದು ಗಡಿಯಾರ ರಿಪೇರಿ ಅಂಗಡಿಯಲ್ಲಿ ಗಾಜು ಸಿಕ್ಕಿತು. ಅಪ್ಪನ ಹಳೆಯ ಕೈಗಡಿಯಾರ ಸರಿಮಾಡಿಸಲು ಹೋಗಿದ್ದೆ. ಅಂಗಡಿಯ ಹಿರಿಯರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬಗ್ಗಿ, ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುತ್ತಿದ್ದರು. ಆ ಮಸೂರವನ್ನು ಒಂದು ನಿಮಿಷ ಕೇಳಿ ತೆಗೆದುಕೊಂಡು, ಫೋನಿನ ಕ್ಯಾಮೆರಾ ಮುಂದೆ ಹಿಡಿದು, ಮಾರುಕಟ್ಟೆಯಲ್ಲಿ ಆಗಷ್ಟೇ ಮೊಳ ಹಾಕಿಸಿಕೊಂಡಿದ್ದ ಮೈಸೂರು ಮಲ್ಲಿಗೆಯ ಒಂದು ಮೊಗ್ಗನ್ನು ನೋಡಿದೆ. ಮೊಗ್ಗಿನ ತುದಿಯಲ್ಲಿ ಎಸಳುಗಳು ಒಂದಕ್ಕೊಂದು ಸುತ್ತಿಕೊಂಡ ಬಗೆ ಪರದೆಯ ತುಂಬ ಕಂಡಿತು. ಅವರೂ ಬಗ್ಗಿ ನೋಡಿದರು.

"ನಲವತ್ತು ವರ್ಷದಿಂದ ಈ ಗಾಜಿನಲ್ಲಿ ಚಕ್ರ, ಸ್ಪ್ರಿಂಗು ಬಿಟ್ಟು ಬೇರೆ ಏನೂ ನೋಡಿಲ್ಲ ಸಾರ್," ಅಂದರು. ಅಂಚಿನಲ್ಲಿ ಗೀರು ಬಿದ್ದ ಹಳೆಯದೊಂದನ್ನು ಡ್ರಾಯರಿನಿಂದ ತೆಗೆದು ನನಗೇ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ ತಮ್ಮ ಕಸುಬಿನ ಎರಡು ಮಾತು ಹೇಳಿದರು. ಮಣಿಕಟ್ಟು ಯಾವುದಕ್ಕಾದರೂ ಆನಿಸಿರಬೇಕು, ಗಾಳಿಯಲ್ಲಿ ತೇಲಬಾರದು. ಉಸಿರು ಪೂರ್ತಿ ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮೊದಲು ಕೈ ಸ್ಥಿರವಾಗಿರುತ್ತದೆ, ಕೆಲಸ ಆಗಲೇ ಆಗಬೇಕು. ಛಾಯಾಗ್ರಹಣದ ಬಗ್ಗೆ ನನಗೆ ಸಿಕ್ಕ ಅತ್ಯುತ್ತಮ ಪಾಠ ಅದು, ಕ್ಯಾಮೆರಾವನ್ನೇ ಮುಟ್ಟದವರಿಂದ ಬಂದದ್ದು.

ಅಂಥ ಗಾಜಿನ ಲೆಕ್ಕ ಸರಳ. ಹತ್ತು ಪಟ್ಟು ಎಂದು ಬರೆದಿದ್ದರೆ ಹೂವು ಗಾಜಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿರಬೇಕು. ನಾಲ್ಕು ಪಟ್ಟಿನದಾದರೆ ಸುಮಾರು ಆರು. ಆ ದೂರ ಒಂದು ಕೂದಲೆಳೆ ತಪ್ಪಿದರೂ ಮಸುಕು. ಹಾಗಾಗಿ ಫೋಕಸ್ ಮಾಡುವುದು ಬೆರಳಿನ ಕೆಲಸವಾಗಿ ಉಳಿಯದೆ ಮೈಯ ಕೆಲಸವಾಗುತ್ತದೆ. ಮೊಣಕೈಗಳನ್ನು ನೆಲಕ್ಕೂರಿ, ಸೊಂಟದಿಂದ ಇಷ್ಟಿಷ್ಟೇ ಮುಂದಕ್ಕೆ ವಾಲುತ್ತ, ಹೂವು ಸ್ಪಷ್ಟವಾದ ಗಳಿಗೆಗೆ ಒತ್ತಬೇಕು. ಪರದೆ ಮುಟ್ಟಿದರೆ ಫೋನು ಅಲುಗುವುದರಿಂದ ನಾನು ಇಯರ್‌ಫೋನಿನ ಸದ್ದು ಹೆಚ್ಚಿಸುವ ಗುಂಡಿಯನ್ನು ಒತ್ತುತ್ತೇನೆ; ಅನೇಕ ಫೋನುಗಳಲ್ಲಿ ಅದೇ ಫೋಟೊ ತೆಗೆಯುತ್ತದೆ. ಫೋನನ್ನು ಇಡಲು ಅಕ್ಕಿಯನ್ನು ಅರ್ಧ ತುಂಬಿ ಬಾಯಿ ಹೊಲಿದ ಒಂದು ಬಟ್ಟೆ ಚೀಲ. ಹಳೆಯ ಫಿಲ್ಮ್ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸು ಮನೆಯಲ್ಲಿದ್ದವರು ಅಗ್ಗದ ಒಂದು ಲೋಹದ ಬಳೆ ಹಾಕಿ ಅದನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಜೋಡಿಸಿಕೊಳ್ಳಬಹುದು. ಹೂವು ಹೆಚ್ಚುಕಡಿಮೆ ನಿಜದ ಗಾತ್ರದಲ್ಲಿ ಬರುತ್ತದೆ. ದ್ಯುತಿರಂಧ್ರದ ಉಂಗುರ ಲೆನ್ಸಿನ ಮೇಲೆಯೇ ಇರುವ ಹಳೆಯ ಮಾದರಿಯೇ ಇದಕ್ಕೆ ಅನುಕೂಲ.

ಜರ್ಮನಿಯ ಕಾರ್ಲ್ ಬ್ಲೊಸ್‌ಫೆಲ್ಟ್ ನನಗೆ ಬಹಳ ಆಪ್ತನಾದ ಮನುಷ್ಯ. ಅವನು ಛಾಯಾಗ್ರಾಹಕನಾಗಿ ತರಬೇತಾದವನಲ್ಲ, ಬರ್ಲಿನ್ನಿನಲ್ಲಿ ವಿನ್ಯಾಸ ಕಲಿಸುತ್ತಿದ್ದ ಮೇಷ್ಟ್ರು. ಗಿಡಗಳ ಆಕಾರವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು, ಅದಕ್ಕಾಗಿ ಮನೆಯಲ್ಲೇ ಕಟ್ಟಿದ ಮರದ ಕ್ಯಾಮೆರಾ ಬಳಸಿದ. ಹೂವಂಗಡಿಗೆ ಹೋಗದೆ ರಸ್ತೆ ಬದಿಯ, ರೈಲು ದಿಬ್ಬದ ಕಳೆಗಿಡಗಳನ್ನು ತಂದ. ಹಿಂದೆ ಒಂದು ರಟ್ಟು, ಪಕ್ಕದಿಂದ ಹಗಲಿನ ಬೆಳಕು. ಅಷ್ಟೇ ಅವನ ಸಜ್ಜು. ಸುರುಳಿ ಬಿಚ್ಚುವ ಜರೀಗಿಡ, ಸಿಡಿಯುವ ಮೊದಲಿನ ಬೀಜಕೋಶ, ಮೊಗ್ಗಿನ ತುದಿ ಎಲ್ಲವನ್ನೂ ಕೆಲವೊಮ್ಮೆ ಮೂವತ್ತು ಪಟ್ಟಿನವರೆಗೆ ಹಿಗ್ಗಿಸಿ ದಶಕಗಟ್ಟಲೆ ತೆಗೆಯುತ್ತ ಹೋದ. ಅವು ಪುಸ್ತಕವಾಗಿ ಬಂದದ್ದು 1928ರಲ್ಲಿ, ಆಗ ಅವನಿಗೆ ಅರವತ್ತು ದಾಟಿತ್ತು. ಆ ಚಿತ್ರಗಳನ್ನು ನೋಡಿದ ಮೇಲೆ ನಾನೂ ಒಂದು ಬೂದು ರಟ್ಟನ್ನು ಚೀಲದಲ್ಲಿ ಇಟ್ಟುಕೊಂಡೆ. ಹೂವಿನ ಹಿಂದೆ ಒಂದು ಮೊಳ ದೂರದಲ್ಲಿ ಅದನ್ನು ನಿಲ್ಲಿಸಿದರೆ ಪ್ಲಾಸ್ಟಿಕ್ ಕವರು, ಇಟ್ಟಿಗೆ ಚೂರು, ನಿಂತ ಸ್ಕೂಟರು ಎಲ್ಲವೂ ಮರೆಯಾಗುತ್ತವೆ.

ಅಮೆರಿಕದ ಇಮೋಜೆನ್ ಕನ್ನಿಂಗ್‌ಹ್ಯಾಮ್ ಮೂರು ಗಂಡುಮಕ್ಕಳ ತಾಯಿ, ಅದರಲ್ಲಿ ಇಬ್ಬರು ಅವಳಿ. ಪುಟ್ಟ ಮಕ್ಕಳನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಕ್ಯಾಲಿಫೋರ್ನಿಯದ ತನ್ನ ಮನೆಯ ತೋಟದಲ್ಲೇ ಗಿಡ ಬೆಳೆಸಿ, ಆ ಗಿಡಗಳನ್ನೇ ಫೋಟೊ ತೆಗೆದಳು. 1925ರ ಅವಳ ಮ್ಯಾಗ್ನೋಲಿಯಾ ಹೂವಿನ ಚಿತ್ರ ಲೋಕಪ್ರಸಿದ್ಧ. ಮನೆಗೆಲಸದ ನಡುವೆ, ಮಕ್ಕಳ ಗದ್ದಲದ ನಡುವೆ ಅವಳು ಅದರ ಮುಂದೆ ಅಷ್ಟು ಸಮಾಧಾನದಿಂದ ನಿಂತದ್ದನ್ನು ನೆನೆದರೆ ಗೌರವ ಉಕ್ಕುತ್ತದೆ. ಹೂ ಹುಡುಕಿಕೊಂಡು ಚಿಕ್ಕಮಗಳೂರಿಗೋ ಕೊಡಗಿಗೋ ಹೋಗಬೇಕೆಂದು ಹಂಬಲಿಸುವವರಲ್ಲಿ ನಾನೂ ಒಬ್ಬ. ಬೇಸಗೆಯ ಮೊದಲ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬಿಳಿಯಾಗುವುದನ್ನು ನೋಡಿದವರಿಗೆ ಆ ಹಂಬಲ ಗೊತ್ತು. ಆದರೂ ಕನ್ನಿಂಗ್‌ಹ್ಯಾಮ್ ಹಿತ್ತಿಲಿಗೆ ಹೋಗು ಎನ್ನುತ್ತಾಳೆ.

ಹಿತ್ತಿಲಿಗೆ ಹೋದೆ. ಸೊಪ್ಪಿಗೆಂದು ಹಾಕಿ, ಕೀಳಲು ತಡವಾಗಿ, ಹೂ ಬಿಟ್ಟ ಕೊತ್ತಂಬರಿ ಅಲ್ಲಿತ್ತು. ಅದರ ಗೊಂಚಲಿನಲ್ಲಿ ಎಲ್ಲ ಹೂವೂ ಒಂದೇ ತೆರನಾಗಿಲ್ಲ. ಒಳಗಿನವು ಪುಟ್ಟವು, ಎಸಳೆಲ್ಲ ಸಮ. ಅಂಚಿನ ಹೂವುಗಳ ಹೊರಮುಖದ ಎಸಳುಗಳು ಮಾತ್ರ ದೊಡ್ಡವಾಗಿ ಆಚೆಗೆ ಚಾಚಿರುತ್ತವೆ. ಹೀಗೆ ಇಡೀ ಗೊಂಚಲು ಸೇರಿ ಒಂದೇ ದೊಡ್ಡ ಹೂವಾಗಿ ಕೀಟಗಳನ್ನು ಕರೆಯುತ್ತದೆ. ಮೆಣಸಿನ ಗಿಡದ ಬಿಳಿ ಹೂವಿನೊಳಗೆ ನೇರಳೆ ಪರಾಗಕೋಶಗಳಿವೆ. ಬದನೆಯ ಹಳದಿ ಪರಾಗಕೋಶಗಳಿಗೆ ತುದಿಯಲ್ಲಿ ಮಾತ್ರ ಸಣ್ಣ ರಂಧ್ರ. ಭ್ರಮರ ಬಂದು ಅದನ್ನು ಅಪ್ಪಿ ಹಿಡಿದು ಗುಂಯ್ ಎಂದು ಮೈ ನಡುಗಿಸಿದರೆ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವಂತೆ ಪರಾಗ ಉದುರುತ್ತದೆ. ಆ ಸದ್ದು ಹಾರುವಾಗಿನ ಸದ್ದಿಗಿಂತ ಬೇರೆ, ಹೆಚ್ಚು ಚುರುಕು. ಫೋಟೊದಲ್ಲಿ ಬಾರದ ಅದನ್ನು ಕೇಳಿಸಿಕೊಂಡದ್ದು ಅಷ್ಟು ಹತ್ತಿರ ಕೂತಿದ್ದರಿಂದಲೇ.

ಬಿಸಿಲೇರಿದ ಮೇಲೂ ತೆಗೆಯಬೇಕೆನಿಸಿದರೆ ಬೆಳಕನ್ನು ಸೋಸಿಕೊಳ್ಳಬೇಕು. ಬಟರ್ ಪೇಪರ್ ಸಾಕು. ನಮ್ಮಲ್ಲಿ ಹಿತ್ತಿಲ ತಂತಿಯ ಮೇಲೆ ಒಣಗುವ ಮಲ್ಲಿನ ಪಂಚೆಯೇ ಆ ಕೆಲಸ ಮಾಡುತ್ತದೆ. ಅದರ ನೆರಳಿಗೆ ಸಿಕ್ಕ ಹೂವಿನ ಮೇಲೆ ಬೆಳಕು ಎಷ್ಟು ಮೃದುವಾಗಿ ಹರಡುತ್ತದೆಂದರೆ, ಪಂಚೆ ಒಣಗಿದ ಮೇಲೂ ಯಾರೂ ತೆಗೆಯದಿರಲಿ ಅನ್ನಿಸುತ್ತದೆ. ನೆರಳಿನ ಕಡೆಗೆ ಒಂದು ಬಿಳಿ ಹಾಳೆ ಹಿಡಿದರೆ ಕತ್ತಲೆ ತಿಳಿಯಾಗುತ್ತದೆ. ಇನ್ನೊಂದು ಎಚ್ಚರಿಕೆ, ಖಾಲಿ ಸೈಟಿಗೆ ಹೋಗುವವರಿಗೆ: ಕಾಂಗ್ರೆಸ್ ಗಿಡದ ಬಿಳಿ ಹೂವಿನ ಐದು ಮೂಲೆ ಹತ್ತಿರದಿಂದ ಬಲು ಚೆಂದ, ಆದರೆ ಅದರ ನಡುವೆ ಮಲಗಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರ ಚರ್ಮ ಅದಕ್ಕೆ ಉರಿದೇಳುತ್ತದೆ, ಕೆಲವರಿಗೆ ಉಬ್ಬಸ.

ಗಣೇಶ ಚೌತಿಯ ಹಿಂದಿನ ದಿನ ಅಜ್ಜಿ ಸೈಟಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗರಿಕೆ ಚಿವುಟುತ್ತಿದ್ದರು. ಎಳೆಯ ಕುಡಿಗಳನ್ನು ಮಾತ್ರ ಆರಿಸಿ, ಕಡ್ಡಿ ಬಂದದ್ದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

"ಇದನ್ನ ಯಾಕೆ ಬಿಟ್ರಿ ಅಜ್ಜಿ?"

"ಅದು ಹೂ ಬಿಟ್ಟಿದೆಯಲ್ಲಪ್ಪಾ. ಗರಿಕೆಗೂ ಹೂವಾಗುತ್ತೆ, ನೋಡಿಲ್ವಾ?"

ಮಸೂರ ಹಾಕಿ ನೋಡಿದೆ. ಕಡ್ಡಿಯ ತುದಿಯಿಂದ ಬೆರಳುಗಳ ಹಾಗೆ ಹೊರಟ ನಾಲ್ಕೈದು ತೆನೆ, ತೆನೆಯುದ್ದಕ್ಕೂ ಎರಡು ಮೂರು ಮಿಲಿಮೀಟರಿನ ಹೂವುಗಳ ಸಾಲು. ಎಸಳಿಲ್ಲ, ಸುವಾಸನೆಯಿಲ್ಲ. ಪ್ರತಿ ಹೂವಿನಿಂದಲೂ ನೇರಳೆ ಬಣ್ಣದ ಎರಡು ಪುಟ್ಟ ಗರಿಗಳು ಹೊರಗೆ ಚಾಚಿದ್ದವು, ಸೀಳುಸೀಳಾಗಿ, ಕವಲುಕವಲಾಗಿ. ಅವು ಹೂವಿನ ಶಲಾಕಾಗ್ರಗಳು. ಗರಿಕೆಗೆ ಜೇನು ಬೇಕಿಲ್ಲ, ದುಂಬಿ ಬೇಕಿಲ್ಲ. ಗಾಳಿಯಲ್ಲಿ ತೇಲಿಬರುವ ಪರಾಗದ ಕಣವನ್ನು ಹಿಡಿಯಲೆಂದೇ ಆ ಗರಿ ಅಷ್ಟು ಕವಲೊಡೆದಿರುವುದು. ನಾನು ಕೊಡೆ ಬಿಚ್ಚಿ ತಡೆಯುತ್ತಿದ್ದ, ಕ್ಲಿಪ್ಪು ಹಾಕಿ ಸೋಲಿಸುತ್ತಿದ್ದ, ಬೆಳಗಿನ ಏಳು ಗಂಟೆಗೆ ಯಾರಿಗೂ ತಿಳಿಯದ ಆ ನೆಲಮಟ್ಟದ ಗಾಳಿಗಾಗಿಯೇ ಇಡೀ ಸೈಟಿನ ಗರಿಕೆ ಕೈ ಚಾಚಿ ನಿಂತಿತ್ತು. ಅಂದು ಕೊಡೆ ಮಡಚಿಟ್ಟೆ. ಗಾಳಿ ಬಂದಾಗ ಗರಿಗಳು ನಡುಗುವುದನ್ನು ನೋಡುತ್ತ, ನಿಂತಾಗ ಒತ್ತುತ್ತ, ಚಿತ್ರ ತೆಗೆದೆ.

ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೇರಳೆ ಬಣ್ಣ!" ಅಂದರು. "ಚಿಕ್ಕ ಹುಡುಗಿಯಾಗಿದ್ದಾಗಿಂದ ಚಿವುಟ್ತಾ ಇದೀನಿ ಕಣಪ್ಪಾ." ಮಗಳಿಗೂ ಮೊಮ್ಮಕ್ಕಳಿಗೂ ಕಳಿಸು ಅಂದರು, ಅಲ್ಲೇ ನಿಂತು ಕಳಿಸಿಸಿಕೊಂಡರು. ಆಮೇಲೆ ತಮ್ಮ ಮನೆಯ ಹಿತ್ತಿಲಿನ ಪಟ್ಟಿಯನ್ನೇ ಒಪ್ಪಿಸಿದರು. ಒಂದೆಲಗ ಹೂ ಬಿಟ್ಟಿದೆ, ಎಲೆಯಡಿ ಹುಡುಕಬೇಕು. ಕುಂಬಳ ಬೆಳಗಿನ ಜಾವ ಅರಳುತ್ತದೆ, ಒಂಬತ್ತಕ್ಕೆ ಬಂದರೆ ಪ್ರಯೋಜನವಿಲ್ಲ. ಹೀರೆ ಬಿರಿಯುವುದು ಸಂಜೆ ಐದರ ಮೇಲೆ.

"ಸಂಜೆ ಬೆಳಕು ಸಾಲಲ್ಲ ಅಜ್ಜಿ, ಟಾರ್ಚ್ ಬೇಕಾಗುತ್ತೆ. ಅದರ ಮೇಲೆ ಬಿಳಿ ಕರವಸ್ತ್ರ ಮುಚ್ಚಿ ಪಕ್ಕದಿಂದ ಹಿಡೀಬೇಕು."

"ಹಿಡ್ಕೊಳ್ಳೋಣ, ಅದೇನು ಮಹಾ. ಹೀರೆಗೆ ಕತ್ತಲಾಗ್ತಾ ಪತಂಗ ಬರ್ತವೆ, ಅದೂ ಸಿಗಬಹುದು ನಿಂಗೆ. ಆದ್ರೆ ಒಂದು ಮಾತು. ಗಂಡು ಹೂ ಎಷ್ಟು ಬೇಕಾದ್ರೂ ತೆಗಿ. ಹೆಣ್ಣು ಹೂವಿಗೆ ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ, ನೋಡಿದ್ರೇ ಗೊತ್ತಾಗುತ್ತೆ. ಅದಕ್ಕೆ ಆ ಗಾಜು ತಗುಲಿಸ್ಬೇಡ, ಕಡ್ಡಿ ಕ್ಲಿಪ್ಪು ಏನೂ ಹಾಕ್ಬೇಡ. ಮಗಳು ಬರ್ತಾಳೆ ಮುಂದಿನ ವಾರ, ಅವಳಿಗೆ ಹೀರೇಕಾಯಿ ಬಜ್ಜಿ ಅಂದ್ರೆ ಪ್ರಾಣ."